ಕಲ್ಲನ್ನು ಅರಿತು ಕೆತ್ತನೆಗೆ ಬೆಲೆ

ತುರುವೇಕೆರೆಯ ಮೂಲೆ ಶಂಕರೇಶ್ವರ ಗುಡಿಯನ್ನೋ ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಚನ್ನಕೇಶವ ದೇವಾಲಯವನ್ನೋ ನೋಡಿ, ಅದೇ ಕಣ್ಣಿನಲ್ಲಿ ಮಧುಗಿರಿ ಬೆಟ್ಟದ ಬುಡದ ವೆಂಕಟರಮಣ, ಮಲ್ಲೇಶ್ವರ ದೇವಾಲಯಗಳ ಮುಂದೆ ಬಂದು ನಿಂತವರ ಬಾಯಲ್ಲಿ ಒಂದು ಮಾತು ತಟ್ಟನೆ ಬರುತ್ತದೆ: ಅಲ್ಲಿಯ ಕುಸುರಿ ಇಲ್ಲಿಲ್ಲ. ಮಾತೇನೋ ಸುಳ್ಳಲ್ಲ. ಆದರೆ ಅದರ ಬೆನ್ನಿಗೇ, ಇಲ್ಲಿಯ ಶಿಲ್ಪಿಗಳ ಕೈ ಒರಟು ಎಂಬ ತೀರ್ಮಾನವೂ ಸದ್ದಿಲ್ಲದೆ ಬಂದು ಕೂರುತ್ತದೆ, ತಪ್ಪುವುದು ಅಲ್ಲಿ. ಹೊಯ್ಸಳರ ಶಿಲ್ಪಿಗೆ ಸಿಕ್ಕದ್ದು ಬಳಪದ ಕಲ್ಲು. ನೆಲದಿಂದ ಎಬ್ಬಿಸಿದಾಗ ಅದು ಮೆದು. ಉಳಿ ಹೇಳಿದಂತೆ ಕೇಳುತ್ತದೆ, ಗಾಳಿಗೆ ಬಿದ್ದು ವರ್ಷಗಳು ಕಳೆದಂತೆ ಗಟ್ಟಿಯಾಗುತ್ತದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಕಾಣುವುದು ಗ್ರಾನೈಟ್ ಬಂಡೆ. ಅದರಲ್ಲಿ ನೂಲಿನಷ್ಟು ತೆಳುವಾದ ಒಡವೆ ಬಿಡಿಸಹೊರಟರೆ ಹರಳು ಸಿಡಿದು ಅಂಚೇ ಹೋಗುತ್ತದೆ. ಆದರೆ ಅದೇ ಕಲ್ಲು ಒಂದೇ ತುಂಡಿನ ಎತ್ತರದ ಕಂಬ ಕೊಡುತ್ತದೆ, ಉದ್ದನೆಯ ತೊಲೆ ಕೊಡುತ್ತದೆ, ಮಧುಗಿರಿಯ ಬಂಡೆಬೆಟ್ಟದ ನೆತ್ತಿಯವರೆಗೂ ಹತ್ತಿಹೋಗುವ ಕೋಟೆಗೋಡೆಯನ್ನು ಹೊರುತ್ತದೆ. ಎರಡನ್ನೂ ಒಂದೇ ಅಳತೆಗೋಲಿನಲ್ಲಿ ಅಳೆದವರು ಕಲ್ಲುಗಳನ್ನು ಹೋಲಿಸಿರುತ್ತಾರೆ. ಶಿಲ್ಪಿಗಳನ್ನು ಹೋಲಿಸುವ ಕೆಲಸ ಇನ್ನೂ ಶುರುವೇ ಆಗಿರುವುದಿಲ್ಲ.

ಈ ಹಳೆಯ ತೊಡಕು ನಮ್ಮ ಕಾಲದಲ್ಲಿ ಬಹಳ ಜನ ಬಹಳ ಜೋರಾಗಿ ವಾದಿಸುವ ಇನ್ನೊಂದು ಕಡೆ ಮತ್ತೆ ತಲೆಯೆತ್ತಿದೆ: ವಿಡಿಯೊ ಗೇಮ್‌ಗಳ ಗ್ರಾಫಿಕ್ಸ್. ಯಾವ ಆಟದ ಚಿತ್ರ ಚೆನ್ನ, ಯಾವುದು ಸಪ್ಪೆ ಎಂಬ ಜಗಳಕ್ಕೆ ಸುಮಾರು ಅರ್ಧ ಶತಮಾನದ ವಯಸ್ಸು. ಪ್ರತಿ ಐದಾರು ವರ್ಷಕ್ಕೊಮ್ಮೆ ಹೆಚ್ಚು ತಾಕತ್ತಿನ ಹೊಸ ಯಂತ್ರ ಬರುತ್ತದೆ, ನಿನ್ನೆ ಬೆರಗು ಹುಟ್ಟಿಸಿದ ಚಿತ್ರ ಇವತ್ತು ನಗೆಪಾಟಲಾಗುತ್ತದೆ. ಒಂದೇ ಹೊತ್ತಿನಲ್ಲಿ ಮಾರುಕಟ್ಟೆಯಲ್ಲಿರುವ ಯಂತ್ರಗಳ ತಾಕತ್ತೂ ಒಂದೇ ಆಗಿರುವುದಿಲ್ಲ. ಹಾಗಾದರೆ ನ್ಯಾಯವಾಗಿ ತೂಗುವುದು ಹೇಗೆ? ನನ್ನ ವಾದ ಇಷ್ಟು: ಒಂದು ಆಟದ ಚಿತ್ರವನ್ನು ಇನ್ನೊಂದು ಆಟದ ಚಿತ್ರದ ಪಕ್ಕ ಇಡುವುದಕ್ಕಿಂತ ಮೊದಲು, ಅದು ಹುಟ್ಟಿದ ಯಂತ್ರದ ಪಕ್ಕ ಇಡಬೇಕು. ಯಂತ್ರ ಏನು ಕೊಟ್ಟಿತ್ತು, ಮಾಡಿದವರು ಅದನ್ನು ಯಾವುದಕ್ಕೆ ಖರ್ಚು ಮಾಡಿದರು, ಆ ಖರ್ಚು ಆಟಕ್ಕೆ ಒದಗಿತೇ ಎಂದು ಕೇಳಬೇಕು. ಬಡ ಯಂತ್ರದ ಮೇಲೆ ಕರುಣೆ ತೋರಿ ಹತ್ತು ಅಂಕ ಹೆಚ್ಚು ಕೊಡುವ ಏರ್ಪಾಡು ಇದು ಎಂದು ಯಾರಾದರೂ ತಿಳಿದರೆ, ಇತಿಹಾಸ ಅದನ್ನು ಒಪ್ಪುವುದಿಲ್ಲ. ಹೀಗೆ ತೂಗಿದಾಗ ಕೆಲವು ಬಡ ಆಟಗಳಿಗೆ ಬೀಳುವ ಪೆಟ್ಟು ಮೊದಲಿಗಿಂತ ಜೋರಾಗಿರುತ್ತದೆ.

ಮೊದಲ ಸಾಕ್ಷ್ಯವಾಗಿ 1977ರ ಅಟಾರಿ 2600 ಯಂತ್ರವನ್ನೇ ತೆಗೆದುಕೊಳ್ಳಬಹುದು. ಅದರಲ್ಲಿದ್ದ ಕೆಲಸದ ಮೆಮೊರಿ 128 ಬೈಟ್. ಈ ಪ್ಯಾರಾದ ಮೊದಲ ವಾಕ್ಯವನ್ನು ಹಿಡಿದಿಡಲೂ ಅಷ್ಟು ಸಾಲದು. ಪರದೆಯ ಇಡೀ ಚಿತ್ರವನ್ನು ಒಮ್ಮೆಗೆ ಬರೆದಿಟ್ಟುಕೊಳ್ಳಲು ಅದರಲ್ಲಿ ಜಾಗವೇ ಇರಲಿಲ್ಲ. ಟಿವಿಯ ಕಿರಣ ಒಂದೊಂದೇ ಗೆರೆ ಎಳೆಯುತ್ತ ಕೆಳಗಿಳಿಯುವಾಗ, ಮುಂದಿನ ಗೆರೆಯಲ್ಲಿ ಏನಿರಬೇಕೆಂದು ಪ್ರೋಗ್ರಾಂ ಆ ಕ್ಷಣಕ್ಕೆ ಹೇಳಬೇಕಿತ್ತು. 1982ರಲ್ಲಿ ಈ ಯಂತ್ರಕ್ಕೆ ಎರಡು ಹೆಸರಾಂತ ಆಟಗಳು ಬಂದವು: ಅಟಾರಿಯದೇ ಪ್ಯಾಕ್‌ಮ್ಯಾನ್, ಆಕ್ಟಿವಿಷನ್ ಕಂಪನಿಗೆ ಡೇವಿಡ್ ಕ್ರೇನ್ ಬರೆದ ಪಿಟ್‌ಫಾಲ್. ಎರಡೂ ಕೂತದ್ದು ತಲಾ 4 ಕಿಲೋಬೈಟ್‌ನಲ್ಲಿ. ಪ್ಯಾಕ್‌ಮ್ಯಾನ್‌ನಲ್ಲಿ ನಾಲ್ಕು ಭೂತಗಳು ಸರದಿಯಲ್ಲಿ ಮಿಣಕುತ್ತಿದ್ದವು. ಚಕ್ರವ್ಯೂಹದ ಬಣ್ಣ, ಸದ್ದು ಯಾವುದೂ ಮೂಲ ಆರ್ಕೇಡ್ ಆಟದಂತಿಲ್ಲವೆಂದು ಕೊಂಡವರೇ ಬೈದರು. ಪಿಟ್‌ಫಾಲ್‌ನಲ್ಲಿ ಕಾಡು, ಕೊಳ, ಮೊಸಳೆ, ತೂಗುಬಳ್ಳಿ, ನೆಲದಡಿಯ ಸುರಂಗ, ಕಾಲು ಬೀಸಿ ಓಡುವ ಮನುಷ್ಯ ಎಲ್ಲವೂ ಇದ್ದವು. ಅದರ 255 ದೃಶ್ಯಗಳನ್ನು ಕ್ರೇನ್ ಒಂದೊಂದಾಗಿ ಬರೆದಿಡಲಿಲ್ಲ; ಒಂದು ಸಂಖ್ಯೆಯಿಂದ ಮುಂದಿನ ಸಂಖ್ಯೆ ಹುಟ್ಟುವ ಚಿಕ್ಕ ಲೆಕ್ಕದಿಂದ ಅವನ್ನು ಹುಟ್ಟಿಸಿದರು. ಅದೇ ಕಲ್ಲು, ಅದೇ ವರ್ಷ, ಅಷ್ಟೇ ಅಳತೆ, ಆದರೂ ಇಷ್ಟು ಅಂತರ. ಯಂತ್ರ ಚಿಕ್ಕದಿತ್ತು ಎಂಬ ಸಮಾಧಾನ ಪಿಟ್‌ಫಾಲ್ ಪಕ್ಕ ಇಟ್ಟ ಪ್ಯಾಕ್‌ಮ್ಯಾನ್‌ಗೆ ಸಿಗುವುದಿಲ್ಲ. ಯಂತ್ರವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೆಂದರೆ ತಪ್ಪನ್ನು ಮನ್ನಿಸುವುದು ಎಂದುಕೊಂಡವರಿಗೆ ಈ ಒಂದು ಜೋಡಿಯೇ ಸಾಕಷ್ಟು ಉತ್ತರ.

ನಮ್ಮ ಕಡೆಯ ಮನೆಗಳಿಗೆ ಅಟಾರಿಗಿಂತ ಹೆಚ್ಚು ಪರಿಚಯವಾದದ್ದು 1983ರಲ್ಲಿ ಜಪಾನಿನಲ್ಲಿ ಬಂದ ನಿಂಟೆಂಡೊ ಫ್ಯಾಮಿಕಾಮ್, ಅದೂ ಅದರ ನಕಲುಗಳ ಮೂಲಕ. ಕ್ಯಾಸೆಟ್ ಹಾಕಿ ಟಿವಿಗೆ ಜೋಡಿಸುವ ಆ ಡಬ್ಬಿಗಳು 90ರ ದಶಕದಲ್ಲೂ ಆಮೇಲೂ ಊರೂರಿನ ಎಲೆಕ್ಟ್ರಾನಿಕ್ ಅಂಗಡಿಗಳಲ್ಲಿ ಸಿಗುತ್ತಿದ್ದವು. ಆ ಯಂತ್ರದ ಕೆಲಸದ ಮೆಮೊರಿ 2 ಕಿಲೋಬೈಟ್. ಪರದೆಯಲ್ಲಿ ಒಮ್ಮೆಗೆ 64 ಚಲಿಸುವ ಚಿಕ್ಕ ಚಿತ್ರಗಳಿರಬಹುದು, ಒಂದು ಅಡ್ಡಗೆರೆಯಲ್ಲಿ ಎಂಟು ಮಾತ್ರ. ಒಂಬತ್ತನೆಯದು ಬಂದರೆ ಯಾವುದೋ ಒಂದು ಮಾಯವಾಗುತ್ತದೆ. 1985ರ ಸೂಪರ್ ಮಾರಿಯೊ ಬ್ರದರ್ಸ್ ಇಡಿಯಾಗಿ ಕೂತದ್ದು 40 ಕಿಲೋಬೈಟ್‌ನಲ್ಲಿ. ವಾಟ್ಸಾಪಿನಲ್ಲಿ ಹರಿದಾಡುವ ಶುಭೋದಯದ ಒಂದು ಚಿತ್ರ ಅದಕ್ಕಿಂತ ದೊಡ್ಡದು. ಅದರಲ್ಲಿ ಆಕಾಶದ ಮೋಡ, ನೆಲದ ಪೊದೆ ಎರಡೂ ಒಂದೇ ಆಕಾರ. ಬಿಳಿ ಬಳಿದರೆ ಮೋಡ, ಹಸಿರು ಬಳಿದರೆ ಪೊದೆ. ಮಾರಿಯೊನ ಮೀಸೆಗೂ ಟೋಪಿಗೂ ಇಂಥದೇ ಕಾರಣ. ಅವನು ಮೊದಲು ಕಾಣಿಸಿಕೊಂಡ 1981ರ ಡಾಂಕಿ ಕಾಂಗ್ ಆಟದಲ್ಲಿ ಮುಖಕ್ಕೆ ದಕ್ಕಿದ್ದು ಬೆರಳೆಣಿಕೆಯ ಚುಕ್ಕಿಗಳು. ಬಾಯಿ ಬಿಡಿಸಲಾಗದೆ ಮೀಸೆ ಬಂತು, ಕೂದಲಿನ ಅಲುಗಾಟ ತೋರಿಸಲಾಗದೆ ಟೋಪಿ ಬಂತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ನಾವು ಎಚ್ಚರಿಕೆಯ ಮಾತಾಗಿ ಬಳಸುತ್ತೇವೆ. ಇಲ್ಲಿ ಚಿಕ್ಕ ಹಾಸಿಗೆಯೇ ಮಲಗುವ ಭಂಗಿಯನ್ನು ಕಲಿಸಿತು, ಆ ಭಂಗಿಯೇ ಗುರುತಾಗಿ ಉಳಿಯಿತು.

ಈ ಹಳೆಯ ಯಂತ್ರ ನಮ್ಮಲ್ಲಿ ಅಷ್ಟು ಕಾಲ ಉಳಿದದ್ದೇಕೆ ಎಂಬುದೂ ನ್ಯಾಯದ ಪ್ರಶ್ನೆಗೆ ಸೇರಿದ್ದೇ. 1995ರಲ್ಲಿ ಸೆಗಾ ಕಂಪನಿ ತನ್ನ ಮೆಗಾ ಡ್ರೈವ್ ಯಂತ್ರವನ್ನು ಭಾರತದಲ್ಲಿ ಮಾರಲು ಶಾ ವ್ಯಾಲೇಸ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡಿತು. ಶೇ 80ರಷ್ಟಿದ್ದ ಆಮದು ಸುಂಕದಿಂದ ತಪ್ಪಿಸಿಕೊಳ್ಳುವುದು ಅದರ ಉದ್ದೇಶ. ಹಾಗೆ ಮಾಡಿಯೂ ಒಂದು ಯಂತ್ರದ ಬೆಲೆ 18,000 ರೂಪಾಯಿ. ಜಪಾನಿನಲ್ಲಿ 1988ರಲ್ಲೇ ಬಂದಿದ್ದ ಯಂತ್ರ ಅದು. ಭಾರತಕ್ಕೆ ಬರುವ ಹೊತ್ತಿಗೆ ಅಲ್ಲಿ ಮುಂದಿನ ತಲೆಮಾರಿನ ಯಂತ್ರವಾದ ಸೋನಿಯ ಪ್ಲೇಸ್ಟೇಷನ್ ಮಾರಾಟಕ್ಕಿತ್ತು. ಶೇಂಗಾ ಬೆಳೆಯ ಮೇಲೆ, ಬಾರದ ಮಳೆಯ ಮೇಲೆ ನಿಂತ ಪಾವಗಡ, ಶಿರಾ ಕಡೆಯ ಮನೆಗೆ ಆ ಬೆಲೆಯ ಆಟಿಕೆ ಬರುವ ಮಾತೇ ಇರಲಿಲ್ಲ. ಹಾಗಾಗಿ ಲೋಕ ಮೂರು ಆಯಾಮದ ಚಿತ್ರಗಳಿಗೆ ದಾಟಿದ ಮೇಲೂ ನಮ್ಮ ಊರುಗಳ ಮಕ್ಕಳು 1983ರ ಯಂತ್ರದ ನಕಲಿನಲ್ಲಿ ಮಾರಿಯೊ, ಕಾಂಟ್ರಾ ಆಡಿದರು. ಅವರು ನೋಡಿದ್ದು ಹಿಂದುಳಿದ ಚಿತ್ರ ಎಂದು ಈಗ ಯಾರಾದರೂ ಹೇಳಿದರೆ, ಆ ಮಾತಿನಲ್ಲಿ ಕಲೆಯ ಅಳತೆ ಎಷ್ಟು, ಸುಂಕದ ಅಳತೆ ಎಷ್ಟು ಎಂದು ಬಿಡಿಸಿ ನೋಡಬೇಕು. ಕಾಂಟ್ರಾದ ಚಿತ್ರಕಾರರು 1988ರಲ್ಲಿ ಮಾಡಿದ ಕೆಲಸ, ಹತ್ತು ವರ್ಷ ತಡವಾಗಿ ಒಂದು ಮನೆಗೆ ತಲುಪಿದ್ದರಿಂದ ಕೆಟ್ಟದಾಗಲಾರದು.

ತಾಕತ್ತು ಎಂಬುದನ್ನು ಒಂದೇ ಸಂಖ್ಯೆಯಲ್ಲಿ ಹೇಳಬಹುದೆಂಬ ನಂಬಿಕೆ ಈ ಜಗಳವನ್ನು ಇನ್ನಷ್ಟು ಕೆಡಿಸಿತು. 90ರ ದಶಕದ ಜಾಹೀರಾತುಗಳು ಬಿಟ್ ಲೆಕ್ಕದಲ್ಲೇ ಮಾತಾಡಿದವು: ಎಂಟು, ಹದಿನಾರು, ಮೂವತ್ತೆರಡು. 1993ರಲ್ಲಿ ಅಟಾರಿ ತನ್ನ ಜಾಗ್ವಾರ್ ಯಂತ್ರವನ್ನು 64 ಬಿಟ್ ಎಂದು ಸಾರಿ, ಲೆಕ್ಕ ಹಾಕಿ ನೋಡಿ ಎಂದು ಗ್ರಾಹಕರಿಗೆ ಸವಾಲೇ ಹಾಕಿತು. ಲೆಕ್ಕ ಗೆದ್ದರೂ ಯಂತ್ರ ಸೋತಿತು. ಹದಿನಾರು ಬಿಟ್‌ನವೆಂದೇ ಕರೆಸಿಕೊಂಡ ಎರಡು ಯಂತ್ರಗಳು ಹೇಗಿದ್ದವು ನೋಡಿ. ಮೆಗಾ ಡ್ರೈವ್‌ನ ಪ್ರೊಸೆಸರ್ ಸುಮಾರು 7.6 ಮೆಗಾಹರ್ಟ್ಸ್, ಸೂಪರ್ ನಿಂಟೆಂಡೊದ್ದು ಹೆಚ್ಚೆಂದರೆ 3.58. ಬಣ್ಣದಲ್ಲಿ ಲೆಕ್ಕ ತಿರುಗುಮುರುಗು: ಮೆಗಾ ಡ್ರೈವ್ ತನ್ನ 512 ಬಣ್ಣಗಳಲ್ಲಿ ಒಮ್ಮೆಗೆ 64ನ್ನು ತೋರಿಸಿದರೆ, ಸೂಪರ್ ನಿಂಟೆಂಡೊ 32,768ರಲ್ಲಿ 256ನ್ನು ತೋರಿಸುತ್ತಿತ್ತು. ಅಲ್ಲಿ ಸಾನಿಕ್‌ನ ಓಟ, ಇಲ್ಲಿ ಬಣ್ಣದ ಮೆಲುನೆರಳು. 1996ರ ನಿಂಟೆಂಡೊ 64 ಲೆಕ್ಕ ಮಾಡುವ ವೇಗದಲ್ಲಿ 1994ರ ಪ್ಲೇಸ್ಟೇಷನ್‌ಗಿಂತ ಬಹಳ ಮುಂದಿತ್ತು. ಆದರೆ ಮೇಲ್ಮೈಗೆ ಹೊದಿಸುವ ಚಿತ್ರಕ್ಕೆ ಅದರಲ್ಲಿದ್ದ ಜಾಗ 4 ಕಿಲೋಬೈಟ್. ಗೋಡೆ, ಹುಲ್ಲು, ಮುಖ ಎಲ್ಲವೂ ಮಂಜುಮಂಜು. ಅದರ ಕ್ಯಾಸೆಟ್‌ಗೆ ಹಿಡಿಯುತ್ತಿದ್ದದ್ದು ಹೆಚ್ಚೆಂದರೆ 64 ಮೆಗಾಬೈಟ್, ಪ್ಲೇಸ್ಟೇಷನ್ ಸಿಡಿಗೆ ಸುಮಾರು 650. ಪ್ಲೇಸ್ಟೇಷನ್‌ನಲ್ಲಿ ಚಿತ್ರ ಚೂಪಾಗಿತ್ತು, ಆದರೆ ನಡೆದಾಡಿದರೆ ಗೋಡೆಗಳು ನಡುಗುತ್ತಿದ್ದವು. ಮಧುಗಿರಿಯ ಗ್ರಾನೈಟ್ ಅರಳಗುಪ್ಪೆಯ ಕಲ್ಲಿಗಿಂತ ಬಲಶಾಲಿಯೇ ಎಂದು ಕೇಳಿದಂತೆ ಇದು. ಭಾರ ಹೊರಲು ಹೌದು, ಬಳೆ ಬಿಡಿಸಲು ಅಲ್ಲ. ಯಾವ ಕೆಲಸಕ್ಕೆ ಎಂದು ಹೇಳದೆ ಕೇಳಿದರೆ ಪ್ರಶ್ನೆಗೇ ಅರ್ಥವಿಲ್ಲ.

ಯಂತ್ರದಷ್ಟೇ ಮುಖ್ಯವಾದರೂ ಮರೆತೇ ಹೋಗುವ ಇನ್ನೊಂದು ವಸ್ತು ಪರದೆ. ತುಮಕೂರು ಸೀಮೆಯ ಮೂಡಲಪಾಯ ಯಕ್ಷಗಾನದ ಗಾಢ ಮುಖವರ್ಣಿಕೆ, ಮಿನುಗು ಹಚ್ಚಿದ ಭುಜಕೀರ್ತಿ, ಎತ್ತರದ ಕಿರೀಟಗಳು ಪಂಜಿನ ಬೆಳಕಿಗೆ, ರಾತ್ರಿಗೆ, ದೂರ ಕೂತ ನೋಡುಗರಿಗೆ ಒಗ್ಗಿ ಬೆಳೆದವು. ಅದೇ ವೇಷವನ್ನು ಹಗಲು ಬೆಳಕಿನಲ್ಲಿ ಗೇಣುದೂರದಿಂದ ಫೋಟೊ ಹೊಡೆದು, ಬಣ್ಣ ಅತಿಯಾಯಿತು ಎಂದರೆ ವೇಷಗಾರನಿಗೆ ಅನ್ಯಾಯ. ಹಳೆಯ ಆಟಗಳಿಗೂ ಹೀಗೇ ಆಗಿದೆ. ಅವನ್ನು ಬಿಡಿಸಿದವರ ಕಣ್ಣ ಮುಂದಿದ್ದದ್ದು ಉಬ್ಬು ಗಾಜಿನ ಡಬ್ಬಿ ಟಿವಿ. ಅದರಲ್ಲಿ ಚುಕ್ಕಿಗಳ ಅಂಚು ಕರಗುತ್ತಿತ್ತು, ಪಕ್ಕಪಕ್ಕದ ಬಣ್ಣಗಳು ಒಂದಕ್ಕೊಂದು ಬೆರೆಯುತ್ತಿದ್ದವು. ಮೆಗಾ ಡ್ರೈವ್‌ನ ಸಾನಿಕ್ ಆಟದ ಜಲಪಾತವನ್ನು ಒಂದು ಬಿಟ್ಟು ಒಂದು ಉದ್ದಗೆರೆಗಳಲ್ಲಿ ಬರೆದಿದ್ದಾರೆ. ಹಳೆಯ ಟಿವಿಗೆ ಮಾಮೂಲಿ ವೈರಿನಲ್ಲಿ ಜೋಡಿಸಿದರೆ ಗೆರೆಗಳು ಬೆರೆತು, ಹಿಂದಿನ ಬಂಡೆ ಕಾಣುವಂಥ ತೆಳುನೀರಾಗುತ್ತವೆ. ಯಂತ್ರಕ್ಕೆ ಪಾರದರ್ಶಕ ಬಣ್ಣ ತಿಳಿಯದು, ಟಿವಿಯ ಮಬ್ಬೇ ಆ ಕೆಲಸ ಮಾಡಿಕೊಟ್ಟಿತು. ಇಂದಿನ ಚೂಪು ಪರದೆಯಲ್ಲಿ ಅದೇ ನೀರು ಬಾಚಣಿಗೆಯ ಹಲ್ಲಿನಂತೆ ಕಾಣುತ್ತದೆ. ಈಗ ಅದನ್ನು ನೋಡಿ ನಗುವವರು ಆ ಚಿತ್ರವನ್ನು ನೋಡಿಯೇ ಇಲ್ಲವೆಂದರೂ ತಪ್ಪಾಗದು. ಬೆಳಗಿನ ಬೆಳಕಿನಲ್ಲಿ ರಂಗಸ್ಥಳವನ್ನು ನೋಡಿ ಹೋದವರು ಅವರು.

ಇಷ್ಟಕ್ಕೆ ಮೊದಲ ಆಕ್ಷೇಪ ಸಿದ್ಧವಾಗಿಯೇ ಇರುತ್ತದೆ. ಆಡುವವರ ಕಣ್ಣಿಗೆ ಕಿಲೋಬೈಟ್ ಕಾಣುವುದಿಲ್ಲ. ಊಟಕ್ಕೆ ಕೂತವರು ಒಲೆಯ ಅಳತೆ ಕೇಳುತ್ತಾರೆಯೇ? ದುಡ್ಡು ಕೊಟ್ಟವರಿಗೆ ಪರದೆಯ ಮೇಲಿರುವುದಷ್ಟೇ ಲೆಕ್ಕ. ಈ ಆಕ್ಷೇಪದಲ್ಲಿ ಹುರುಳಿದೆ, ಆದರೆ ಅದು ಎರಡು ಪ್ರಶ್ನೆಗಳನ್ನು ಒಂದೇ ಗಂಟಿನಲ್ಲಿ ಕಟ್ಟುತ್ತದೆ. ಯಾವುದನ್ನು ಕೊಳ್ಳಲಿ ಎಂಬುದು ಒಂದು ಪ್ರಶ್ನೆ, ಯಾವ ಕೆಲಸ ಚೆನ್ನಾಗಿದೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಬೆಲೆ, ಮನೆಯ ಟಿವಿ, ಗೆಳೆಯರ ಬಳಿ ಇರುವ ಯಂತ್ರ ಎಲ್ಲ ಸೇರುತ್ತವೆ. ಅಲ್ಲಿ ಹೆಚ್ಚು ಚುಕ್ಕಿ, ಹೆಚ್ಚು ವೇಗ ಬೇಕೆನ್ನುವುದು ತಪ್ಪಲ್ಲ. ಎರಡನೆಯದು ಮೆಚ್ಚುಗೆಯ ಪ್ರಶ್ನೆ. ಅದಕ್ಕೆ ಉತ್ತರ ಕೊಡುವಾಗ ಒಲೆಯ ಅಳತೆ ಬೇಕೇ ಬೇಕು, ಏಕೆಂದರೆ ಅಡುಗೆಯವರ ಕೈಗುಣ ಅಲ್ಲೇ ಗೊತ್ತಾಗುವುದು. ಅಲ್ಲದೆ ಆಡುವವರ ಕಣ್ಣಿಗೆ ಯಂತ್ರ ತಿಳಿಯದು ಎಂಬುದೂ ಪೂರ್ತಿ ನಿಜವಲ್ಲ. 2006ರಲ್ಲಿ ಬಂದ ನಿಂಟೆಂಡೊ ವೀ ತನ್ನ ಕಾಲದ ಪ್ಲೇಸ್ಟೇಷನ್ 3, ಎಕ್ಸ್‌ಬಾಕ್ಸ್ 360ಗಳ ಮುಂದೆ ತೀರಾ ಬಡ ಯಂತ್ರ. ಅವು ಹೈ ಡೆಫಿನಿಷನ್ ಚಿತ್ರ ಕೊಡುತ್ತಿದ್ದಾಗ ಅದು 480 ಗೆರೆಗೆ ನಿಂತಿತ್ತು. ಆದರೂ ಹತ್ತು ಕೋಟಿಗೂ ಹೆಚ್ಚು ಜನ ಅದನ್ನು ಕೊಂಡರು. ಕೈ ಬೀಸಿ ಆಡುವ ಟೆನಿಸ್‌ಗೆ ಎಷ್ಟು ಚಿತ್ರ ಬೇಕೋ ಅಷ್ಟು ಅದರಲ್ಲಿತ್ತೆಂದು ಅವರ ಕಣ್ಣೇ ತೀರ್ಮಾನಿಸಿತ್ತು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ: ಹೀಗೆ ಯಂತ್ರವನ್ನು ಮುಂದೆ ಮಾಡುತ್ತ ಹೋದರೆ ಕುಣಿಯಲಾರದವಳು ನೆಲ ಡೊಂಕು ಎಂದಂತೆ ಆಗುವುದಿಲ್ಲವೇ? ಪ್ರತಿ ಸೋಮಾರಿ ಕೆಲಸಕ್ಕೂ ಒಂದು ನೆಪ ಸಿಗುವುದಿಲ್ಲವೇ? ನೆಲ ಡೊಂಕಿದೆಯೇ ಎಂದು ಅಳೆದು ನೋಡುವುದೇ ಈ ನೆಪಕ್ಕೆ ಮದ್ದು. 2020ರ ಡಿಸೆಂಬರಿನಲ್ಲಿ ಬಂದ ಸೈಬರ್‌ಪಂಕ್ 2077 ಆಟ ಹೊಸ ಕಂಪ್ಯೂಟರ್‌ಗಳಲ್ಲಿ ಕಣ್ಣು ಕೋರೈಸಿತು. 2013ರ ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್‌ಗಳಲ್ಲಿ ಅದು ತಡವರಿಸಿತು, ಚಿತ್ರ ಮಸುಕಾಯಿತು, ಮತ್ತೆ ಮತ್ತೆ ನಿಂತುಹೋಯಿತು. ಬಿಡುಗಡೆಯಾಗಿ ಹೆಚ್ಚುಕಡಿಮೆ ಒಂದು ವಾರದಲ್ಲಿ ಸೋನಿ ಅದನ್ನು ತನ್ನ ಅಂಗಡಿಯಿಂದಲೇ ತೆಗೆಯಿತು. ಮತ್ತೆ ಅಲ್ಲಿ ಮಾರಾಟಕ್ಕೆ ಬಂದದ್ದು 2021ರ ಜೂನ್‌ನಲ್ಲಿ. ಹಳೆಯ ಯಂತ್ರಗಳ ತಾಕತ್ತು ಏಳು ವರ್ಷದಿಂದ ಎಲ್ಲರಿಗೂ ಗೊತ್ತಿತ್ತು. ಅವುಗಳಿಗೂ ಮಾರುತ್ತೇವೆಂದು ಒಪ್ಪಿಕೊಂಡವರು ಆ ತಾಕತ್ತಿಗೂ ಒಪ್ಪಿಕೊಂಡಂತೆ. ಇಲ್ಲಿ ಯಂತ್ರವನ್ನು ಲೆಕ್ಕಕ್ಕೆ ತೆಗೆದುಕೊಂಡಷ್ಟೂ ತಪ್ಪು ಹಿರಿದಾಗುತ್ತದೆ. ಇನ್ನೊಂದು ಬಗೆಯದು 2005ರ ಶಾಡೊ ಆಫ್ ದ ಕೊಲೋಸಸ್. 32 ಮೆಗಾಬೈಟ್ ಮೆಮೊರಿಯ ಪ್ಲೇಸ್ಟೇಷನ್ 2ರಲ್ಲಿ ಬೆಟ್ಟದಂಥ ದೈತ್ಯರು, ಅವರ ಮೈಮೇಲಿನ ರೋಮ ಹಿಡಿದು ಹತ್ತುವ ಹುಡುಗ, ಕಣ್ಣಳತೆಗೂ ಮೀರಿದ ಬಯಲು. ಅದರ ಬೆಲೆಯಾಗಿ ಚಿತ್ರದ ವೇಗ ಎಷ್ಟೋ ಸಲ ಸೆಕೆಂಡಿಗೆ 20 ಫ್ರೇಮ್‌ಗೂ ಕೆಳಗೆ ಇಳಿಯುತ್ತಿತ್ತು. ನ್ಯಾಯವಾದ ತೀರ್ಪು ಎರಡನ್ನೂ ಹೇಳಬೇಕು: ಯಂತ್ರ ಹೊರಲಾರದ್ದನ್ನು ಹೊರಿಸಿದರು, ಕಾಲು ನಡುಗಿತು, ಆದರೆ ಹೊರಿಸಿದ್ದು ಆಟಕ್ಕೆ ಬೇಕಾಗಿದ್ದ ಭಾರವನ್ನೇ. ದೈತ್ಯನನ್ನು ಚಿಕ್ಕವನಾಗಿಸಿ ವೇಗ ಉಳಿಸಿಕೊಂಡಿದ್ದರೆ ಆಟವೇ ಉಳಿಯುತ್ತಿರಲಿಲ್ಲ.

ಒಂದೇ ಆಟ ಹಲವು ಯಂತ್ರಗಳಿಗೆ ಬಂದಾಗಲಾದರೂ ಚಿತ್ರದ ಪಕ್ಕ ಚಿತ್ರ ಇಟ್ಟು ನೋಡಬಹುದಲ್ಲ ಎಂಬುದು ಮೂರನೆಯ ಆಕ್ಷೇಪ. ನೋಡಬಹುದು, ನೋಡಬೇಕು ಕೂಡ. ಏನು ಉಳಿಯಿತು, ಏನು ಹೋಯಿತು ಎಂದು ಪಟ್ಟಿ ಮಾಡಲು ಅದಕ್ಕಿಂತ ಒಳ್ಳೆಯ ದಾರಿಯಿಲ್ಲ. ಆದರೆ ಪಟ್ಟಿ ಬೇರೆ, ತೀರ್ಪು ಬೇರೆ. ಈ ವ್ಯತ್ಯಾಸವನ್ನು ಚೆನ್ನಾಗಿ ಬಲ್ಲ ಕಸುಬುದಾರರು ಕರ್ನಾಟಕದಲ್ಲೇ ಇದ್ದಾರೆ. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಶುರುಮಾಡಿದ ಧ್ರುವ ಇಂಟರಾಕ್ಟಿವ್, ದೇಶದ ಮೊದಮೊದಲ ಆಟ ತಯಾರಿಕಾ ಸಂಸ್ಥೆಗಳಲ್ಲೊಂದು. ಮೈಕ್ರೋಸಾಫ್ಟ್‌ನ ಫೋರ್ಜಾ ಕಾರು ಆಟಗಳಿಗೆ ಅದು ಚಿತ್ರಕೆಲಸ ಮಾಡಿಕೊಟ್ಟಿತು. 2019ರಲ್ಲಿ ರಾಕ್‌ಸ್ಟಾರ್ ಕಂಪನಿ ಅದನ್ನು ಕೊಂಡು ಬೆಂಗಳೂರಿನ ತನ್ನ ಶಾಖೆಯೊಡನೆ ಸೇರಿಸಿತು. ಅತ್ತ ಉಡುಪಿಯ 99ಗೇಮ್ಸ್ 2013ರಲ್ಲಿ ಧೂಮ್ 3 ಸಿನಿಮಾದ ಆಟವನ್ನು ಬೇರೆ ಬೇರೆ ಬಗೆಯ ಫೋನುಗಳಿಗೆ ಮಾಡಿಕೊಟ್ಟಿತು. ಈ ಕಸುಬಿನಲ್ಲಿ ಪ್ರತಿ ವಸ್ತುವಿಗೂ ಒಂದು ಬಜೆಟ್ ಇರುತ್ತದೆ. ಒಂದು ಕಾರನ್ನು ಹತ್ತಿರದಿಂದ ಕಾಣುವಂತೆ ಸಾವಿರಾರು ತ್ರಿಕೋನಗಳಲ್ಲಿ ಕಟ್ಟುತ್ತಾರೆ, ದೂರ ಹೋದಂತೆ ಬಳಸಲು ಅದರದೇ ಕಡಿಮೆ ತ್ರಿಕೋನಗಳ ಮಾದರಿಗಳನ್ನೂ ಮಾಡಿಡುತ್ತಾರೆ. ಎಲ್ಲಿ ಕತ್ತರಿಸಿದರೆ ಕಣ್ಣಿಗೆ ನೋವಾಗುವುದಿಲ್ಲ ಎಂದು ತಿಳಿಯುವುದೇ ಅಲ್ಲಿಯ ಪರಿಣತಿ. ರಾಕ್‌ಸ್ಟಾರ್‌ನ 2018ರ ರೆಡ್ ಡೆಡ್ ರಿಡೆಂಪ್ಷನ್ 2 ಆಟವನ್ನೇ ನೋಡಿ: ಮೊದಲ ಎಕ್ಸ್‌ಬಾಕ್ಸ್ ಒನ್‌ನಲ್ಲಿ ಅದರ ಚಿತ್ರ 864 ಗೆರೆಯದು, ಎಕ್ಸ್‌ಬಾಕ್ಸ್ ಒನ್ ಎಕ್ಸ್‌ನಲ್ಲಿ 2160 ಗೆರೆಯದು. ಚುಕ್ಕಿಗಳ ಲೆಕ್ಕದಲ್ಲಿ ಆರು ಪಟ್ಟಿಗೂ ಹೆಚ್ಚು ಅಂತರ. ಆದರೆ ಮುಂಜಾವಿನ ಮಂಜು, ಹಿಮದಲ್ಲಿ ಮೂಡುವ ಹೆಜ್ಜೆ, ಲಾಂದ್ರದ ಬೆಳಕು ಎರಡರಲ್ಲೂ ಇವೆ. ಗೆರೆ ಎಣಿಸಿದವರು ಅಂತರವನ್ನು ಕಂಡರು, ಕಸುಬು ಬಲ್ಲವರು ಉಳಿದದ್ದನ್ನೂ ಕಂಡರು.

ಇದೇ ಮಾತು 2019ರಲ್ಲಿ ನಿಂಟೆಂಡೊ ಸ್ವಿಚ್‌ಗೆ ಬಂದ ವಿಚರ್ 3 ಆಟಕ್ಕೂ ಸಲ್ಲುತ್ತದೆ. 2015ರಲ್ಲಿ ದೊಡ್ಡ ಯಂತ್ರಗಳಿಗೆ ಬಂದ ಆ ವಿಶಾಲ ಲೋಕವನ್ನು ಅದರ ಎರಡು ಮುಂದುವರಿಕೆಗಳ ಸಮೇತ ಅಂಗೈಯಲ್ಲಿ ಹಿಡಿಯುವ ಯಂತ್ರದ 32 ಗಿಗಾಬೈಟ್ ಕಾರ್ಡಿಗೆ ಇಳಿಸಿದರು. ಕೈಯಲ್ಲಿ ಹಿಡಿದು ಆಡುವಾಗ ಚಿತ್ರ ಸುಮಾರು 540 ಗೆರೆಗೆ ಇಳಿಯಿತು, ಎಲೆಗಳು ತೆಳುವಾದವು, ದೂರದ ಬೆಟ್ಟ ಮಸುಕಾಯಿತು. ಊರುಗಳು, ಜನ, ಕತೆ, ಗಾಳಿಗೆ ತೊನೆಯುವ ಮರ ಉಳಿದವು. ದೊಡ್ಡ ಪರದೆಯ ಮೇಲೆ ಇಟ್ಟು ನೋಡಿದರೆ ಇದು ಸೋತ ಚಿತ್ರ. ಬಸ್ಸಿನ ಕಿಟಕಿ ಪಕ್ಕ ಕೂತು ಆಡುವವರಿಗೆ ಇದು ಗೆದ್ದ ಚಿತ್ರ. ತಾಕತ್ತಿನ ಆಚೆಗೂ ಒಂದು ಆಯ್ಕೆ ಇದೆಯೆಂದು ತೋರಿಸಿದ್ದು ಜೆಲ್ಡಾ ಸರಣಿಯ ವಿಂಡ್ ವೇಕರ್. 2000ದಲ್ಲಿ ನಿಂಟೆಂಡೊ ತನ್ನ ಹೊಸ ಗೇಮ್‌ಕ್ಯೂಬ್ ಯಂತ್ರದ ಬಲ ತೋರಿಸಲು ನೈಜ ಬಗೆಯ ಕತ್ತಿವರಸೆಯ ತುಣುಕೊಂದನ್ನು ಪ್ರದರ್ಶಿಸಿತ್ತು. ಮರುವರ್ಷ ಅದೇ ನಾಯಕ ದಪ್ಪ ಕಣ್ಣಿನ ಕಾರ್ಟೂನ್ ಹುಡುಗನಾಗಿ ಬಂದಾಗ ಅಭಿಮಾನಿಗಳು ಮೋಸ ಹೋದೆವೆಂದು ಕೂಗಿದರು. 2002ರಲ್ಲಿ ಆಟ ಬಂತು. 2013ರಲ್ಲಿ ಅದನ್ನು ಹೆಚ್ಚಿನ ತಾಕತ್ತಿನ ಯಂತ್ರಕ್ಕೆ ಚೂಪುಗೊಳಿಸಿ ತಂದಾಗ ಆ ಕಾರ್ಟೂನ್ ರೂಪವನ್ನು ಹಾಗೇ ಉಳಿಸಿಕೊಂಡರು. ನೈಜವಾಗಿರಬೇಕೆಂದು ಹೆಣಗಿದ ಆ ಕಾಲದ ಎಷ್ಟೋ ಆಟಗಳ ಮುಖ ಈಗ ಮೇಣದ ಗೊಂಬೆಯಂತೆ ಕಾಣುತ್ತದೆ, ಈ ಹುಡುಗನ ಮುಖಕ್ಕೆ ವಯಸ್ಸಾಗಿಲ್ಲ. ತಾಕತ್ತಿರುವ ಯಂತ್ರದ ಮೇಲೆ ಕೆಲಸ ಮಾಡುವವರನ್ನು ಹೆಚ್ಚು ಬಿಗಿಯಾಗಿ ಕೇಳಬೇಕಾದ ಪ್ರಶ್ನೆ ಇದು: ಇಷ್ಟೆಲ್ಲ ಕೈಯಲ್ಲಿದ್ದಾಗ ನೀವು ಏನನ್ನು ಆರಿಸಿದಿರಿ?

ಇವತ್ತು ಈ ಜಗಳ ಟಿವಿಯಿಂದ ಇಳಿದು ಫೋನಿಗೆ ಬಂದಿದೆ, ಹುಲಿಕುಂಟೆ ಸೀಮೆಯ ಹಳ್ಳಿಗಳಿಗೂ ಬಂದಿದೆ. 2017ರ ಫ್ರೀ ಫೈರ್, 2018ರ ಪಬ್ಜಿ ಮೊಬೈಲ್ ಆಡುವವರ ನಡುವೆ ಹಳೆಯ ಹಗೆಯೇ ಕಾಣಿಸಿತು. ಫ್ರೀ ಫೈರ್ ಕಾರ್ಟೂನ್ ಥರ ಇದೆ, ಗ್ರಾಫಿಕ್ಸ್ ಇಲ್ಲ ಎಂಬುದು ಪಬ್ಜಿಯವರ ಮೂದಲಿಕೆ. ಆದರೆ ಫ್ರೀ ಫೈರ್ ಮಾಡಿದವರು ಮೊದಲಿಂದಲೂ ಗುರಿಯಿಟ್ಟದ್ದು ಕಡಿಮೆ ಮೆಮೊರಿಯ, ಕಡಿಮೆ ಬೆಲೆಯ ಫೋನುಗಳಿಗೆ. ಅದಕ್ಕೇ ನೂರರ ಬದಲು ಐವತ್ತು ಆಟಗಾರರು, ಅರ್ಧ ಗಂಟೆಯ ಬದಲು ಹತ್ತು ನಿಮಿಷದ ಆಟ, ಚಿಕ್ಕ ನಕ್ಷೆ, ಸರಳ ಬಣ್ಣ. ಇವು ಒಂದಕ್ಕೊಂದು ಕೊಂಡಿ ಹಾಕಿಕೊಂಡ ತೀರ್ಮಾನಗಳು. ಪಬ್ಜಿ ಕಂಪನಿಯೇ 2019ರಲ್ಲಿ ಲೈಟ್ ಎಂಬ ಹಗುರ ಆವೃತ್ತಿಯನ್ನು ಭಾರತಕ್ಕೆ ತಂದದ್ದು ಇದೇ ಲೆಕ್ಕವನ್ನು ಒಪ್ಪಿಕೊಂಡಂತೆ. ಆಮೇಲೆ 2020ರಲ್ಲಿ ಪಬ್ಜಿಯನ್ನೂ 2022ರಲ್ಲಿ ಫ್ರೀ ಫೈರ್ ಅನ್ನೂ ಸರ್ಕಾರ ನಿಷೇಧಿಸಿದ್ದು ಬೇರೆ ಕಾರಣಕ್ಕೆ. ತೂಗುವುದಾದರೆ ಕೇಳಬೇಕಾದದ್ದು ಇಷ್ಟು: ಅಗ್ಗದ ಫೋನಿನ ಚಿಕ್ಕ ಪರದೆಯಲ್ಲಿ, ಬಿಸಿಲಿನಲ್ಲಿ, ಎದುರಾಳಿ ಸ್ಪಷ್ಟವಾಗಿ ಕಾಣುತ್ತಾನೆಯೇ? ಬೆರಳು ಒತ್ತಿದ ಕ್ಷಣಕ್ಕೆ ಗುಂಡು ಹಾರುತ್ತದೆಯೇ? ಆ ಪ್ರಶ್ನೆಗಳಲ್ಲಿ ಫ್ರೀ ಫೈರ್ ತೇರ್ಗಡೆಯಾದರೆ ಅದರ ಚಿತ್ರಕಾರರು ತಮ್ಮ ಕಲ್ಲನ್ನು ಚೆನ್ನಾಗಿಯೇ ಅರಿತಿದ್ದರು ಎನ್ನಬೇಕು. ಎಲ್ಲಾದರೂ ಅದು ಎಡವಿದ್ದರೆ, ಆ ತಪ್ಪನ್ನೂ ಇದೇ ಪ್ರಶ್ನೆಗಳಿಂದಲೇ ಹುಡುಕಬೇಕು. ಪಬ್ಜಿಯ ಹುಲ್ಲುಗಾವಲು ಅದರಲ್ಲಿಲ್ಲ ಎನ್ನುವುದರಿಂದಲ್ಲ.

ಕೊನೆಗೊಂದು ಆಕ್ಷೇಪ ಉಳಿಯುತ್ತದೆ: ಕಟ್ಟುಪಾಡಿನಿಂದ ಹುಟ್ಟಿದ ಚೆಲುವನ್ನು ಹೊಗಳುವವರು ನಿಜಕ್ಕೂ ಹೊಗಳುತ್ತಿರುವುದು ಕಟ್ಟುಪಾಡನ್ನೇ ಅಲ್ಲವೇ? ಇದಕ್ಕೆ ಉತ್ತರ ಪ್ರಿನ್ಸ್ ಆಫ್ ಪರ್ಷಿಯಾದಲ್ಲಿದೆ. ನಮ್ಮಲ್ಲಿ ಡಾಸ್ ಕಂಪ್ಯೂಟರ್ ಕಂಡ ತಲೆಮಾರಿಗೆ ಈ ಆಟ ಚೆನ್ನಾಗಿ ಗೊತ್ತು. ಜೋರ್ಡನ್ ಮೆಕ್ನರ್ ಇದನ್ನು 1989ರಲ್ಲಿ ಮುಗಿಸಿದ್ದು ಆಪಲ್ 2 ಎಂಬ, ಆಗಲೇ ಹಳೆಯದಾಗಿದ್ದ ಯಂತ್ರಕ್ಕೆ. ತನ್ನ ತಮ್ಮನು ಓಡುವುದನ್ನು, ಜಿಗಿಯುವುದನ್ನು ವಿಡಿಯೊ ಹಿಡಿದು, ಚಿತ್ರದಿಂದ ಚಿತ್ರಕ್ಕೆ ಗೆರೆ ಎಳೆದು ರಾಜಕುಮಾರನ ನಡೆಯನ್ನು ಮಾಡಿದರು. ಆ ನಡೆಗಳೇ ಮೆಮೊರಿಯನ್ನು ತಿಂದುಹಾಕಿದವು. ಎದುರಾಳಿಗೆಂದು ಇನ್ನೊಂದು ದೇಹ ಬಿಡಿಸಲು ಜಾಗವೇ ಉಳಿದಿರಲಿಲ್ಲ. ಆಗ ರಾಜಕುಮಾರನ ಚಿತ್ರವನ್ನೇ ಒಂದು ಚುಕ್ಕಿ ಸರಿಸಿ ಅದರ ಮೇಲೇ ಬೆರೆಸಿದರೆ, ಮಿನುಗುವ ನೆರಳು ಮನುಷ್ಯ ಹುಟ್ಟಿದ. ಕನ್ನಡಿಯಿಂದ ಹೊರಬಂದು, ದಾರಿಗೆ ಅಡ್ಡ ನಿಂತು, ಇರಿದರೆ ಇರಿದವನಿಗೇ ನೋಯುವ ಎದುರಾಳಿ ಅವನು. ಅವನನ್ನು ಗೆಲ್ಲುವ ದಾರಿ ಒಂದೇ: ಕತ್ತಿಯನ್ನು ಒರೆಗೆ ಸೇರಿಸಿ ಅವನೊಡನೆ ಒಂದಾಗುವುದು. ಮುಂದೆ ಆಟ ಡಾಸ್‌ಗೆ, ಅಮಿಗಾಕ್ಕೆ, ಸೂಪರ್ ನಿಂಟೆಂಡೊಗೆ ಹೋಯಿತು. ಅವುಗಳಲ್ಲಿ ಮೆಮೊರಿಗೆ ಬರವಿರಲಿಲ್ಲ. ಬೇಕೆಂದರೆ ಹತ್ತು ಬಗೆಯ ರಾಕ್ಷಸರನ್ನು ಬಿಡಿಸಬಹುದಿತ್ತು. ಆದರೂ ಪ್ರತಿ ಯಂತ್ರದಲ್ಲೂ ಅದೇ ನೆರಳು, ಅದೇ ಕನ್ನಡಿಯಿಂದ ಹೊರಬಂದು ನಿಂತಿತು.